ಎಲಿಹಿಯೊನ ಇದ್ದಿಲು ಚೀಪಾ

“ಈ ಸಲ ಹಬ್ಬದ ಚೀಪಾ ರೊಟ್ಟಿ ನಾನೇ ಬೇಯಿಸ್ತೀನಿ! ನೀವೆಲ್ಲ ಕಾಲು ಚಾಚಿ ಕೂತು ತಣ್ಣಗೆ ತೆರೆರೆ ಕಷಾಯ ಹೀರಿ!” ಎಂದು ಎಲಿಹಿಯೊ ಘೋಷಿಸಿದಾಗ ಅಂಗಳದ ಕೋಳಿಗಳೂ ಕೆದಕುವುದನ್ನು ನಿಲ್ಲಿಸಿದವು.

ಪಿರಿಬೆಬುಯ್ ಊರಿನಲ್ಲಿ ಶುಭ ಶುಕ್ರವಾರ ಯಾರೂ ಒಲೆ ಹಚ್ಚುವುದಿಲ್ಲ. ಬುಧವಾರ ಮಣ್ಣಿನ ಗೂಡೊಲೆಯಲ್ಲಿ ಬೆಂದ ಬಳೆಯಾಕಾರದ ಚೀಪಾಗಳೇ ಅಂದಿನ ಊಟ. ಅವು ಕೆಟ್ಟರೆ ಮನೆಮಂದಿಗೆಲ್ಲ ತಣ್ಣೀರೇ ಗತಿ!

“ಒಲೆಯ ಹದ ಗೊತ್ತಾ?” ಹೆಂಡತಿ ನಿಮಿಯಾ ಕೇಳಿದಳು.

“ಮುಕ್ತ ವಿಶ್ವಕೋಶ ಇದೆ ಕಣೇ! ಬಿಡಿಗಾಸು ಕೊಡಬೇಕಿಲ್ಲ. ಲೋಕದ ಜಾಣರೆಲ್ಲ ಸೇರಿ ಬರೆದು, ತಿದ್ದಿ ಇಟ್ಟಿದ್ದಾರೆ!”

ಅತ್ತೆ ದೇಯೊಲಿಂದಾ ತೆರೆರೆ ಲೋಟ ಕೆಳಗಿಟ್ಟರು. “ಅಳಿಯಂದಿರೇ, ಕೆಂಡ ಹೊರಗೆ ಗುಡಿಸಿದ ಮೇಲೆ ಒಲೆಯೊಳಗೊಂದು ಜೋಳದ ಸಿಪ್ಪೆ ಎಸೆದು ನೋಡಿ. ಕೆಂಪಗಾದ್ರೆ ಹದ. ಕಪ್ಪಗಾದ್ರೆ ಸ್ವಲ್ಪ ಕಾಯಿರಿ.”

“ನಿಮ್ಮ ಸಿಪ್ಪೆಶಾಸ್ತ್ರ ಈ ಕಾಲಕ್ಕಲ್ಲ ಅತ್ತೆ!” ಎಲಿಹಿಯೊ ಫೋನ್ ಹಿಡಿದು ಮಂತ್ರದಂತೆ ಓದಿದ: “‘ಕೆಂಡ ಗುಡಿಸಿದ ತಕ್ಷಣ ಚೀಪಾ ಇಟ್ಟು ಒಲೆಯ ಬಾಯಿ ಮುಚ್ಚಬೇಕು.’ ತಕ್ಷಣ! ಕೇಳಿಸ್ತಾ?”

ತಕ್ಷಣ ಇಟ್ಟ. ತಕ್ಷಣ ಮುಚ್ಚಿದ. ತೆರೆದಾಗ ಹೊಗೆಯ ಹಿಂದೆ ಹೊಗೆಯೇ ಬಂತು. ಕೋಲಿನಿಂದ ಎಳೆದರೆ ಇದ್ದಿಲಿನ ಬಳೆಗಳು ಉರುಳಿದವು. ನಾಯಿ ಮೂಸಿ ನೋಡಿ, ಮೌನವಾಗಿ ಸಂತಾಪ ಸೂಚಿಸಿ ಹೊರಟಿತು.

“ಯಾವ ಕತ್ತೆ ಬರೆದದ್ದು ಇದನ್ನ? ಜನ್ಮದಲ್ಲಿ ಒಲೆ ಮುಂದೆ ನಿಲ್ಲದ ಸೋಮಾರಿ! ಕೈಗೆ ಸಿಕ್ಕರೆ ಇದೇ ಚೀಪಾ ತಿನ್ನಿಸ್ತೀನಿ!”

“ಅದಕ್ಕೇನಂತೆ? ಯಾವ ಸಾಲು ಯಾರು ಬರೆದ್ರು ಅಂತ ಅಲ್ಲೇ ಇರುತ್ತೆ.” ನಿಮಿಯಾ ಫೋನ್ ಕಸಿದುಕೊಂಡು ಪುಟದ ಇತಿಹಾಸ ತೆರೆದಳು. ಓದಿದಳು. ಅಮ್ಮನಿಗೆ ತೋರಿಸಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಯಾರೇ ಅದು?”

“ಪಿರಿಬೆಬುಯ್ ಎಲಿಹಿಯೊ ಅಂತೆ! ಕ್ರಿಸ್‌ಮಸ್ ರಜೆಯಲ್ಲಿ ತೂಗುಮಂಚದಲ್ಲಿ ಬಿದ್ಕೊಂಡು ‘ಲೋಕಕ್ಕೆ ಜ್ಞಾನ ಹಂಚ್ತಿದೀನಿ’ ಅಂದ್ರಲ್ಲ, ಮರೆತುಹೋಯ್ತಾ?”

ಎಲಿಹಿಯೊ ಇದ್ದಿಲಿಗಿಂತ ಕಪ್ಪಾದ.

“ಅದನ್ನ ತಿದ್ದೋಕಾಗುತ್ತೇನೇ?” ಅತ್ತೆ ಕೇಳಿದರು.

“ಯಾರು ಬೇಕಾದ್ರೂ ತಿದ್ದಬಹುದಮ್ಮ. ಅದೇ ಅದರ ಸೊಗಸು!”

ಅತ್ತೆ ಹೇಳಿದರು, ಮಗಳು ಬರೆದಳು. ಸಿಪ್ಪೆಶಾಸ್ತ್ರ ಲೋಕದ ಆಸ್ತಿಯಾಯಿತು. ಆಮೇಲೆ ಅತ್ತೆ ಬೆಂಚಿನ ಕೆಳಗಿಂದ ಒಂದು ಪಾತ್ರೆ ಎಳೆದರು. “ಅರ್ಧ ಹಿಟ್ಟು ಎತ್ತಿಟ್ಟಿದ್ದೆ. ನಮ್ಮ ಅಳಿಯನ ಇತಿಹಾಸ ನನಗೆ ಪುಟ ತೆಗೀದೇನೇ ಗೊತ್ತು.”

ಈ ಸಲ ಎಲಿಹಿಯೊ ಬಾಯಿ ಮುಚ್ಚಿಕೊಂಡು ಸಿಪ್ಪೆ ಎಸೆದ.

ಶುಕ್ರವಾರ ಹೊಂಬಣ್ಣದ ಚೀಪಾ ಮೆಲ್ಲುತ್ತ ಅವನು ಆ ಪುಟ ತೆರೆದರೆ, ಇದ್ದಿಲು ಬಳೆಗಳ ಫೋಟೊ! ಕೆಳಗೆ ನಿಮಿಯಾಳ ಸಾಲು: ‘ಕಾಯದಿದ್ದರೆ ಹೀಗಾಗುತ್ತದೆ.’

ಅವನು ಸರಕ್ಕನೆ ಅಳಿಸಿದ. ಅಷ್ಟೇ ಸರಕ್ಕನೆ ಫೋಟೊ ಮರಳಿ ಬಂತು. ಯಾವ ಊರಿನವಳೋ ಏನೋ, ಅಪರಿಚಿತೆಯೊಬ್ಬಳು ಕಾರಣವನ್ನೂ ಬರೆದಿದ್ದಳು:

‘ಬಹಳ ಉಪಯುಕ್ತ ಚಿತ್ರ, ಅಳಿಸಬೇಡಿ. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ.’