ಒಂದಿಂಚಿಗೆ ನಾಲ್ಕಡಿ

ಜಗತ್ತಿನಲ್ಲಿ ಮಾದರಿ ಗಂಡಂದಿರು ಇರಬಹುದು; ನಾನು ಮಾದರಿ ಮಾಡುವ ಗಂಡ. ಈ ಎರಡರ ನಡುವೆ ಎಷ್ಟು ಅಂತರವಿದೆ ಎಂಬುದನ್ನು ನನ್ನ ಹೆಂಡತಿ ಮಮತಾ ಹದಿನಾಲ್ಕು ವರ್ಷಗಳಿಂದ ದಿನಕ್ಕೆರಡು ಹೊತ್ತು ತಿಳಿಸಿಕೊಡುತ್ತಿದ್ದಾಳೆ. ಲಿಂಗಸುಗೂರು ಬಸ್ಸು, ಭತ್ತ ಕೊಯ್ಯುವ ಯಂತ್ರ, ಮಸ್ಕಿ ಗುಡ್ಡ, ಎಲ್ಲವನ್ನೂ ಅಳೆದು, ಭಾಗಿಸಿ, ರಟ್ಟಿನಲ್ಲಿ ಅಂಗೈಯಗಲ ಮಾಡಿಟ್ಟಿದ್ದೇನೆ. ಸಿಂಧನೂರಿನ ನಮ್ಮ ಬಾಡಿಗೆ ಮನೆಯಲ್ಲಿ ಅವಕ್ಕೆ ಸಿಕ್ಕ ಜಾಗವೆಂದರೆ ರೊಟ್ಟಿ ಬುಟ್ಟಿಯ ಮಗ್ಗುಲು. (ಒಮ್ಮೆ ಬಸ್ಸಿನ ಹಿಂದಿನ ಗಾಲಿ ಪುಂಡಿಪಲ್ಯದಲ್ಲಿ ಸಿಕ್ಕಿತು. ಸಿಕ್ಕಿದ್ದು ನನ್ನ ಬಾಯಿಗೇ ಆದ್ದರಿಂದ ಆ ಕೇಸು ಹೊರಗೆ ಬರಲಿಲ್ಲ.) ಮಮತಾ ಮನೆಯಲ್ಲೇ ಜಂಪರು ಹೊಲಿಯುತ್ತಾಳೆ, ಅವಳ ಹೊಲಿಗೆ ಯಂತ್ರದ ಮೇಲೆ ಮಾತ್ರ ನನ್ನ ಅಂಟಿನ ಡಬ್ಬಿಗೆ ಪ್ರವೇಶವಿಲ್ಲ.

ಹೀಗಿರುವಾಗ ಮಸ್ಕಿಯ ನಮ್ಮ ಸೈಟಿನಲ್ಲಿ ಸ್ವಂತ ಮನೆ ಕಟ್ಟಿಸುವ ಯೋಗ ಕೂಡಿ ಬಂತು. ಹಿಂಭಾಗದಲ್ಲಿ ಹದಿನೆಂಟು ಅಡಿ ಉದ್ದದ ಜಾಗ. ನಡುವೆ ಒಂದು ಗೋಡೆ ಎದ್ದರೆ ಆಚೆ ಅಡಿಗೆಮನೆ, ಈಚೆ ನನ್ನ ಮಾದರಿಗಳ ಕೋಣೆ. ಆ ಗೋಡೆ ಎಲ್ಲಿ ಏಳಬೇಕು ಎಂಬುದೇ ಜಗಳ.

“ಅಡಗಿಮನಿ ಹನ್ನೆರಡು ಅಡಿ ಬೇಕ್ರಿ. ಕುಂತು ರೊಟ್ಟಿ ಬಡಿಯಾಕ ಜಾಗ ಬ್ಯಾಡೇನು? ಇಲ್ಲಿ ಮೊಣಕೈ ಗ್ವಾಡಿಗಿ ತಾಗಿ ತಾಗಿ ಸಾಕಾಗೈತಿ.”

“ಆರು ಅಡಿ ಸಾಕು. ಕುಂತಲ್ಲೇ ಎಲ್ಲಾ ಕೈಗೆ ಸಿಗತಾವು.”

“ಎಲ್ಲಾ ಸಿಗತಾವು ಖರೆ. ನೀವೂ ಸಿಗತೀರಿ, ನೆನಪಿರಲಿ.”

ಅಡಿಗೆಮನೆಗೆ ಹೆಸರಿನಲ್ಲೇ ಅಡಿ ಇದೆಯಲ್ಲ, ಮತ್ತೆ ಹನ್ನೆರಡು ಏಕೆ ಎಂಬ ನನ್ನ ಶ್ಲೇಷೆಯೂ ಫಲಿಸಲಿಲ್ಲ. ಮನೆಯ ಮಾದರಿ ಮಾಡಿ ತೋರಿಸುತ್ತೇನೆ, ನೋಡಿ ತೀರ್ಮಾನಿಸೋಣ ಎಂದೆ. ಆ ಗಳಿಗೆಯಲ್ಲೇ ನನಗೆ ದಿವ್ಯಜ್ಞಾನ ಉದಿಸಿತು.

ಇಡೀ ಮನೆಗೆ ಒಂದಿಂಚಿಗೆ ನಾಲ್ಕಡಿಯ ಲೆಕ್ಕ ಹಿಡಿದೆ. ಅಡಿಗೆಮನೆಗೆ ಮಾತ್ರ ಒಂದಿಂಚಿಗೆ ಎರಡೇ ಅಡಿ. ನಾನು ಮಂಜೂರು ಮಾಡಿದ್ದ ಆರಡಿ ಅಲ್ಲಿ ಮೂರಿಂಚು ಹರಡಿಕೊಂಡು ಕೂತಿತು. ನನ್ನ ಕೋಣೆಗೆ ಒಂದಿಂಚಿಗೆ ಎಂಟಡಿ. ಅದರ ಹನ್ನೆರಡು ಅಡಿ ಒಂದೂವರೆ ಇಂಚಿನಲ್ಲಿ ಬಡಪಾಯಿಯಾಗಿ ಮುದುಡಿತು. ಕೂಡಿಸಿದರೆ ನಾಲ್ಕೂವರೆ ಇಂಚು, ನಾಲ್ಕಡಿ ಲೆಕ್ಕದಲ್ಲಿ ಅದೇ ಹದಿನೆಂಟು. ಇಂಥ ಗಣಿತಕ್ಕೆ ನನಗೆ ನಾನೇ ಮನಸ್ಸಿನಲ್ಲಿ ಶಾಲು ಹೊದಿಸಿಕೊಂಡೆ. ಒಲೆ, ಕೊಡಗಳನ್ನು ನಾಲ್ಕಡಿ ಲೆಕ್ಕದಲ್ಲೇ ಮಾಡಿ ಇಟ್ಟಾಗ ಅಡಿಗೆಮನೆ ಕಲ್ಯಾಣಮಂಟಪದಂತೆ ಕಂಡಿತು. ಕೆಳಗಿನ ಹಲಗೆಯ ಮೇಲೆ ‘ಅಳತೆ: ಒಂದಿಂಚಿಗೆ ನಾಲ್ಕಡಿ’ ಎಂದು ಬರೆದೆ. (ಅಕ್ಷರ ದುಂಡಗಿದ್ದರೆ ಸುಳ್ಳಿಗೂ ಒಂದು ಗೌರವ ಬರುತ್ತದೆ.)

ಮಮತಾ ಬಹಳ ಹೊತ್ತು ನೋಡಿದಳು. “ಚಂದ ಐತ್ರಿ. ನಿಮ್ಮ ಖೋಲಿ ಇಷ್ಟೇ ಸಾಕಾ?”

“ನೀ ಆರಾಮ ಇದ್ರ ಸಾಕು. ನಂದೇನೈತಿ,” ಎಂದೆ. ಹೇಳುವಾಗ ನನಗೇ ಕಣ್ಣು ತುಂಬಿ ಬಂತು.

ಮೇಸ್ತ್ರಿ ಹುಸೇನಪ್ಪನಿಗೆ ಅಸಲಿ ಅಳತೆಯ ಕಾಗದದ ನಕ್ಷೆಯನ್ನು ನಾನೇ ಗುಟ್ಟಾಗಿ ಕೊಡುವವನಿದ್ದೆ. ಅಷ್ಟರಲ್ಲಿ ಕಚೇರಿಯಿಂದ ಹದಿನೈದು ದಿನದ ತರಬೇತಿಗೆ ರಾಯಚೂರಿಗೆ ಕಳಿಸಿದರು. ಮುಂದಿನ ಕೋಣೆ ಶುರು ಮಾಡು, ಹಿಂದಿನದು ನಾನು ಬಂದ ಮೇಲೆ ಎಂದು ಅವನಿಗೆ ಹೇಳಿ ಹೋದೆ.

ತಿರುಗಿ ಬಂದವನು ಆ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮಮತಾಳ ಜೊತೆ ಮಸ್ಕಿಗೆ ಹೋಗಿ ನೋಡಿದರೆ ಆ ನಡುಗೋಡೆ ನನ್ನ ಎದೆಮಟ್ಟ ಎದ್ದು ನಿಂತಿತ್ತು. ಅದೂ ನನ್ನ ಕಡೆಗೆ ಒತ್ತಿಕೊಂಡು.

“ಅಕ್ಕಾರು ಹ್ವಾದ ವಾರ ಬಂದು ಅಳತಿ ಕೊಟ್ಟು ಹೋಗ್ಯಾರ್ರಿ ಸಾಹೇಬ್ರ,” ಎಂದ ಹುಸೇನಪ್ಪ. “ಅಡಗಿಮನಿ ಹನ್ನೆರಡು, ನಿಮ್ಮ ಖೋಲಿ ಆರು.”

ನಾನು ಮಮತಾಳ ಮುಖ ನೋಡಿದೆ.

“ಜಂಪರ ಕತ್ತರಸೂಮುಂದ ಬಟ್ಟಿ ನಾಕು ಮಡಿಕಿ ಹಾಕತೀನಿ,” ಎಂದಳು ಅವಳು, ಶಾಂತವಾಗಿ. “ಎದಿ ಸುತ್ತಳತಿ ಮೂವತ್ತಾರು ಅಂದ್ರ ಬಟ್ಟಿ ಮ್ಯಾಲ ಒಂಬತ್ತು. ಒಂದಕ್ಕ ನಾಕು, ದಿನಾ ಇದೇ ಲೆಕ್ಕ ನಂದು. ನಿಮ್ಮ ಹಲಗಿ ಮ್ಯಾಲೂ ಅದೇ ಬರದಿತ್ತು. ಟೇಪ್ ಹಿಡದು ನಾಕರಲೆ ಗುಣಿಸಿ ಹೇಳೀನಿ. ತಪ್ಪಾಗೈತೇನ್ರಿ?”

ತಪ್ಪು ಎಂದರೆ ಮೋಸ ಒಪ್ಪಿಕೊಳ್ಳಬೇಕು, ಸರಿ ಎಂದರೆ ಆರಡಿಯಲ್ಲಿ ಬಾಳಬೇಕು. ಹುಸೇನಪ್ಪ ಕೈಯಲ್ಲಿ ಕರಣಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದ.

“ಬರೋಬ್ಬರಿ ಐತಿ,” ಎಂದೆ.

“ಕಂಕುಳಾಗೇನ್ರಿ ಅದು, ಸುರಳಿ?”

“ಇದಾ? ಕ್ಯಾಲೆಂಡರ್.”

“ಹೌದೇನು,” ಎಂದು ಸೆರಗಿನ ಮರೆಯಲ್ಲಿ ನಕ್ಕಳು. ಅವಳು ಮಾದರಿಯನ್ನು ಅಷ್ಟು ಹೊತ್ತು ಏಕೆ ನೋಡಿದ್ದಳೆಂಬುದು ನನಗೆ ಆಗ ಹೊಳೆಯಿತು. ಕೈ ಹಿಡಿದು ನನ್ನನ್ನು ಆ ಆರಡಿಯೊಳಗೆ ನಿಲ್ಲಿಸಿ, ಗಿರಾಕಿಯನ್ನು ನೋಡುವಂತೆ ತಲೆಯಿಂದ ಕಾಲಿನವರೆಗೆ ನೋಡಿದಳು.

“ಸಣ್ಣದಾತು ಅಂತ ಚಿಂತಿ ಮಾಡಬ್ಯಾಡ್ರಿ. ನಿಮ್ಮ ಎತ್ತರ ಐದಡಿ ಎಂಟಿಂಚು. ಮಲಗಿದ್ರ ನಾಕು ಇಂಚು ಸಡಲ ಇರೂವಂಗ ಬಿಟ್ಟೀನಿ.”