ಎತ್ತಿದ ಬೆರಳು ಯಾರ ಕಡೆ?

ಟಿವಿ ಚೆನ್ನಾಗಿ ಬರುವಾಗ ಕೇಬಲ್‌ನವನಿಗೆ ಯಾರೂ ಫೋನ್ ಮಾಡಿ, "ಭೇಷ್ ಕಣಪ್ಪ" ಅನ್ನುವುದಿಲ್ಲ. ಬರದಿದ್ದರೆ ಮಾತ್ರ ಮಳೆ, ಸಿಡಿಲು, ಕರೆಂಟು ಎಲ್ಲದಕ್ಕೂ ಅವನೇ ಹೊಣೆ. ಮಾಯಸಂದ್ರದ ಸುತ್ತಮುತ್ತ ಈ ಕೆಲಸ ಮಾಡಿಕೊಂಡಿರೋ ನನಗೆ ಬೈಗುಳಕ್ಕೆ ಬರ ಅಂತೂ ಇಲ್ಲ, ನಗೋದಕ್ಕೂ ಇಲ್ಲ.

ಅಪ್ಪನ ಕಾಲ ಬೇರೆ ಇತ್ತು ಬಿಡಿ. ಬೀದಿಗೆಲ್ಲ ಒಂದೇ ಟಿವಿ. ಮನೆ ಪಕ್ಕದ ತೆಂಗಿನ ಮರಕ್ಕೆ ಬಿದಿರು ಗಳ ಕಟ್ಟಿ ಆಂಟೆನಾ ನಿಲ್ಲಿಸಿರೋರು. ಗಾಳಿಗೆ ಅದು ತಿರುಗಿಕೊಂಡರೆ ಕಾಯಿ ಕೀಳೋನೇ ಮರ ಹತ್ತಬೇಕು. ಅವನು ಮೇಲಿಂದ "ಬಂತಾ?" ಅನ್ನೋದು, ಕೆಳಗಿಂದ ಇಡೀ ಬೀದಿ "ಇನ್ನೊಂಚೂರು!" ಅಂತ ಕೂಗೋದು. ಈಗ ಒಂದೇ ಮನೇಲಿ ನಾಲ್ಕು ಜನ ನಾಲ್ಕು ಮೂಲೇಲಿ ನಾಲ್ಕು ಫೋನ್ ಹಿಡಿದು ಕೂತಿರ್ತಾರೆ. ಅದನ್ನು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ ನಂಗೆ. ಹಂಗಿರುವಾಗ ಹಳೇ ಕಾಲ ಸ್ವಲ್ಪ ದಿನ ವಾಪಸ್ ಬಂದ ಹಾಗಾಗಿದ್ದು ಒಂದು ಕೊಲೆ ಸೀರಿಯಲ್ ದೆಸೆಯಿಂದ.

ಕೊನೇ ಕಂತು

ಆ ಸೀರಿಯಲ್‌ನಲ್ಲಿ ತೋಟದ ಮನೆ ಯಜಮಾನ ಕೊಬ್ಬರಿ ಅಟ್ಟದ ಮೇಲೆ ಸತ್ತು ಬಿದ್ದಿರ್ತಾನೆ. ಅನುಮಾನ ನಾಲ್ಕು ಜನರ ಮೇಲೆ. ಸತ್ತವನ ತಮ್ಮ, ಡಾಕ್ಟ್ರು, ಮ್ಯಾನೇಜರು, ಅಡುಗೆಯವಳು. ಕೊಬ್ಬರಿ ಅಟ್ಟ ಅಂದಮೇಲೆ, ಮನೆಮನೇಲೂ ಅಟ್ಟದ ತುಂಬ ಕಾಯಿ ಒಣಗಿಸೋ ನಮ್ಮ ಕಡೆಯವರು ಸುಮ್ಮನಿರ್ತಾರಾ? "ಕಾಯಿ ತುಂಬಿದ ಅಟ್ಟದಲ್ಲಿ ಬೆಕ್ಕು ಓಡಾಡಿದ್ರೂ ಕೆಳಗೆ ಮಲಗಿದೋರಿಗೆ ಎಚ್ಚರ ಆಯ್ತದೆ. ಕೊಲೆ ಆದ್ರೂ ಒಬ್ಬರಿಗೂ ಕೇಳಿಸ್ಲಿಲ್ವಂತಾ?" ಅಂತ ಮೊದಲ ವಾರಕ್ಕೇ ಊರೆಲ್ಲ ತಕರಾರು. ತಕರಾರು ಮಾಡಿಕೊಂಡೇ ಎಲ್ಲರೂ ನೋಡಿದರು.

ನಂಗೆ ಆ ಸೀರಿಯಲ್ ಮೇಲೆ ಅಕ್ಕರೆ ಬಂದಿದ್ದು ಬೇರೆ ಕಾರಣಕ್ಕೆ. ನಮ್ಮ ದೊಡ್ಡಮ್ಮನಿಗೂ ಅವಳ ಪಕ್ಕದ್ಮನೆ ಅಕ್ಕನಿಗೂ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಬೇಲಿ ಮೇಲೆ ಒಂದು ಸೊಟ್ಟ ತೆಂಗಿನ ಮರ. ಬುಡ ದೊಡ್ಡಮ್ಮನ ಕಡೆ, ತಲೆ ಅಕ್ಕನ ಕಡೆ. ಉದುರಿದ ಕಾಯಿ ಯಾರದು ಅಂತ ಶುರುವಾದ ಜಗಳ. ಒಂದೇ ತಟ್ಟೇಲಿ ಉಂಡು ಬೆಳೆದೋರ ಹಾಗಿದ್ದವರು ಎದುರಾದರೆ ಮುಖ ತಿರುಗಿಸ್ತಿದ್ದರು.

ಸೀರಿಯಲ್ ಅರ್ಧಕ್ಕೆ ಬಂದಾಗ ಸಿಡಿಲಿಗೆ ಅಕ್ಕನ ಮನೆ ಟಿವಿ ಸುಟ್ಟುಹೋಯ್ತು. ಅಕ್ಕ ಸೊಪ್ಪು ಬಿಡಿಸೋ ನೆಪದಲ್ಲಿ ಬೇಲಿ ಹತ್ರ ನಿಂತು, ನಮ್ಮ ದೊಡ್ಡಮ್ಮನ ಟಿವಿ ಸದ್ದು ಕೇಳಿಸ್ಕೊಳ್ಳೋಳು. ದೊಡ್ಡಮ್ಮ ನೋಡಿದ್ದೂ ನೋಡದ ಹಾಗೆ ಸೌಂಡು ಜಾಸ್ತಿ ಮಾಡಿದಳು. ನಾಲ್ಕು ದಿನ ಬಿಟ್ಟು ಟಿವೀನೇ ಕಿಟಕಿ ಕಡೆ ತಿರುಗಿಸಿದಳು. ಕೊನೆಗೊಂದು ಸಂಜೆ ಕಿಟಕಿಯಿಂದಲೇ, "ಸೊಳ್ಳೆ ಕೈಲಿ ಕಚ್ಚಿಸ್ಕೊಂಡು ಅಲ್ಲೇನೇ ನಿಂತಿದ್ದೀಯ, ಒಳಕ್ಕೆ ಬಾ" ಅಂದಳಂತೆ. ಅಕ್ಕ ಹೋಗಿ ಬಾಗಿಲ ಪಕ್ಕ ಕೂತಳು. ಮಾರನೇ ದಿನ ಒಂದು ಬಟ್ಟಲು ಹುರಿಗಡಲೆ ತಗೊಂಡು ಹೋದಳು.

ಕೊನೇ ಕಂತಿನ ದಿನ ನಾನು ಹೋದಾಗ ದೊಡ್ಡಮ್ಮನ ಮುಖ ಸಪ್ಪಗಿತ್ತು. "ಇವತ್ತು ಮುಗೀತದಂತಲ್ಲೋ. ನಾಳೆಯಿಂದ ಅವಳು ಯಾಕೆ ಬತ್ತಾಳೆ ಈ ಮನೆಗೆ?" ಅಂದಳು.

ಸಂಜೆ ಇಡೀ ಊರು ಟಿವಿ ಮುಂದೆ. ಸತ್ತವನ ಹೆಂಡತಿ ಎಲ್ಲರನ್ನೂ ಹಾಲ್‌ಗೆ ಕರೆಸಿ, "ನನ್ನ ಗಂಡನ್ನ ಕೊಂದೋರು ಇಲ್ಲೇ ಇದ್ದಾರೆ" ಅಂತ ಕೈ ಎತ್ತಿ ಬೆರಳು ತೋರಿಸ್ತಾಳೆ. ಅಷ್ಟೇ, ಪರದೆ ಕಪ್ಪಗಾಯ್ತು. ಉಳಿದದ್ದು ಮುಂದಿನ ಸೀಸನ್‌ನಲ್ಲಿ ಅಂತ ಬರೆದು ಬಂತು. ಅದನ್ನು ಓದೋ ತಾಳ್ಮೆ ಯಾರಿಗಿದೆ? ನನ್ನ ಫೋನು ಬಡ್ಕೊಳ್ಳೋಕೆ ಶುರುವಾಯ್ತು. ಮೊದಲನೇ ಫೋನೇ ಊರ ಹಿರಿಯರೊಬ್ಬರದು. "ಅಲ್ಲಲೇ, ಸರಿಯಾಗಿ ಕೊಲೆಗಾರನ್ನ ತೋರ್ಸೋ ಹೊತ್ಗೆ ವೈರು ಕಿತ್ತಿದ್ದೀಯಲ್ಲ, ಅವನೇನು ನಿಮ್ಮ ನೆಂಟನಾ?"

ಹಗ್ಗ

ಮಾರನೇ ದಿನ ಮಧ್ಯಾಹ್ನ ಅದೇ ಕಂತನ್ನು ಮತ್ತೆ ಹಾಕಿದರು. ದೊಡ್ಡಮ್ಮ ಬೇಲಿ ಹತ್ರ ಹೋಗಿ, "ನಿನ್ನೆ ಸರಿಯಾಗಿ ಕಾಣ್ಲಿಲ್ಲ ಕಣೇ, ಇನ್ನೊಂದ್ಸಲ ನೋಡಾನ ಬಾ" ಅಂತ ಅಕ್ಕನ್ನ ಕರೆದಳು. ಅಕ್ಕ ಅದಕ್ಕೇ ಕಾಯ್ತಿದ್ದವಳ ಹಾಗೆ ಬಂದಳು.

ದೊಡ್ಡಮ್ಮನ ಪ್ರಕಾರ ಕೊಂದಿದ್ದು ಡಾಕ್ಟ್ರು. ಅಕ್ಕನ ಪ್ರಕಾರ ತಮ್ಮ. ಬೆರಳು ನೆಟ್ಟಗೆ ಎಲ್ಲಿಗೆ ಹೋಗುತ್ತೆ ಅಂತ ನೋಡಿಬಿಟ್ಟರೆ ಆಯ್ತಲ್ಲ ಅಂತ ಇಬ್ಬರೂ ಸೇರಿ ಉಪಾಯ ಮಾಡಿದರು. ಸಸಿ ನೆಡೋಕೆ ಗುಣಿ ತೆಗೆಯುವಾಗ ಸಾಲು ಸೊಟ್ಟ ಆಗದ ಹಾಗೆ ಹಗ್ಗ ಹಿಡೀತೀವಲ್ಲ, ಆ ಹಗ್ಗ ತಂದರು. ಟಿವೀಲಿ ಕೈ ಎತ್ತಿದ ತಕ್ಷಣ ಅಕ್ಕ ಗಾಜಿನ ಮೇಲೆ ಮೊಣಕೈ ಇದ್ದ ಕಡೆ ಒಂದು, ಬೆರಳ ತುದಿಗೆ ಒಂದು ಕುಂಕುಮದ ಬೊಟ್ಟಿಟ್ಟಳು. ಎರಡೂ ಬೊಟ್ಟು ಸೇರೋ ಹಾಗೆ ಹಗ್ಗ ಹಿಡಿದು ನೆಟ್ಟಗೆ ಎಳಕೊಂಡು ಹೋದರು. ಹಗ್ಗ ಟಿವಿ ದಾಟಿತು, ಮೇಜು ದಾಟಿತು, ಮೂಲೇಲಿ ಕುರ್ಚಿ ಹಾಕ್ಕೊಂಡು ತೂಕಡಿಸ್ತಿದ್ದ ದೊಡ್ಡಪ್ಪನ ಮೂಗಿಗೆ ಹೋಗಿ ತಾಗಿತು.

ದೊಡ್ಡಪ್ಪ ಬೆಚ್ಚಿಬಿದ್ದು, "ನಾನೇನು ಮಾಡ್ದೆ?" ಅಂದ.

"ನಂಗೊತ್ತಿತ್ತು," ಅಂದಳು ದೊಡ್ಡಮ್ಮ. "ಈ ಮನೇಲಿ ಏನೇ ಕೆಟ್ಟದ್ದಾದ್ರೂ ಕೊನೆಗೆ ನಿಮ್ಮ ಹತ್ರಕ್ಕೇ ಬತ್ತದೆ."

ನಮ್ಮ ಕಾಲದ ಪೊಲೀಸು

ನಮ್ಮ ಬೀದೀಲಿ ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್ ಒಬ್ಬರಿದ್ದಾರೆ. ಅವರ ಮನೆ ಜಗಲಿ ಮೇಲೆ ಒಂದು ಸಂಜೆ ಪಂಚಾಯ್ತಿ ಸೇರಿತು. ದೊಡ್ಡಮ್ಮ, ಅಕ್ಕ ಇಬ್ಬರೂ ಜೊತೇಲೇ ಬಂದು ಕೂತರು. ಒಬ್ಬಳು ಡಾಕ್ಟ್ರು ಅಂತಾಳೆ, ಇನ್ನೊಬ್ಬಳು ತಮ್ಮ ಅಂತಾಳೆ, ಬಗೆಹರೀತಿಲ್ಲ. ಹೆಡ್ಡು ಮೀಸೆ ಸವರಿಕೊಂಡು ಎಲ್ಲ ಕೇಳಿದರು.

"ನೋಡ್ರಮ್ಮ, ನಮ್ಮ ಕಾಲದಲ್ಲಾಗಿದ್ರೆ ಇದು ಒಂದು ವಾರದ ಕೇಸು. ನಾಲ್ಕೂ ಜನಾನ ಕರ್ಕೊಂಡು ಬಂದು ಬೆಂಚ್ ಮೇಲೆ ಕೂರಿಸೋದು. ನಾವು ಏನೂ ಕೇಳೋದೇ ಬ್ಯಾಡ, ಸುಮ್ನೆ ನೋಡ್ತಾ ಕೂರೋದು. ಕಳ್ಳನಾದೋನು ತಾನೇ ಬಾಯಿ ಬಿಡ್ತಾನೆ. ನನ್ನ ಕಣ್ಣು ತಪ್ಪಿಸಿ ಒಬ್ಬ ಹೋಗಿಲ್ಲ."

ಒಳಗಿಂದ ಅವರ ಹೆಂಡತಿ ಕಾಫಿ ತಂದು ಇಟ್ಟರು. "ಹೌದೌದು. ನೀವು ಡ್ಯೂಟೀಲಿದ್ದಾಗ ನಮ್ಮನೆ ಹಿತ್ತಲ ಹಂಡೆ ಹೊತ್ಕೊಂಡು ಹೋದೋನು ಎಲ್ಲಿ ಕೂತವ್ನೆ? ಅವನಿಗೂ ಒಂದು ಲೋಟ ಕಾಫಿ ಕೊಟ್ಬತ್ತೀನಿ."

ಹೂವು

ಪೊಲೀಸಿಂದ ಆಗದ್ದು ದೇವರಿಂದ ಆಗಲಿ ಅಂತ ಇಬ್ಬರೂ ಬಸ್ ಹತ್ತಿದರು. ಅಕ್ಕನ ತವರು ಚಿಕ್ಕನಾಯಕನಹಳ್ಳಿ ದಾಟಿ ಕಂದಿಕೆರೆ ಕಡೆ. ಅಲ್ಲಿ ಅಮ್ಮನ ಗುಡೀಲಿ ಹೂ ಕೇಳ್ತಾರೆ. ಮನಸ್ಸಲ್ಲಿ ಒಂದು ಮಾತು ಇಟ್ಟುಕೊಂಡು ಕೇಳಿದರೆ, ಬಲಗಡೆ ಹೂ ಬಿದ್ದರೆ ಹೌದು, ಎಡಗಡೆ ಬಿದ್ದರೆ ಇಲ್ಲ. ನನಗೂ ಆ ಕಡೆ ಕೆಲಸ ಇತ್ತು, ಜೊತೆಗೆ ಹೋದೆ. ದಾರಿಯುದ್ದಕ್ಕೂ ಇಬ್ಬರೂ ಒಂದೇ ಸೀಟಲ್ಲಿ ಕೂತು ಕಿತ್ತಾಡಿದರು. ಹಿಂದಿನ ಸೀಟಲ್ಲಿ ಕೂತಿದ್ದ ನಂಗೆ ನಮ್ಮಮ್ಮ ಬದುಕಿದ್ದಾಗ ಈ ಮೂವರೂ ಹೀಗೇ ಜಾತ್ರೆಗೆ, ಮದುವೆಗೆ ಅಂತ ಬಸ್ಸಲ್ಲಿ ಹೋಗ್ತಿದ್ದದ್ದು ನೆನಪಾಯ್ತು.

ಗುಡೀಲಿ ಕೈ ಮುಗಿದು ನಿಂತರು. ಎಷ್ಟು ಹೊತ್ತಾದರೂ ಹೂವು ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಪೂಜಾರಪ್ಪ ಬೇಸತ್ತು, "ಏನು ಕೇಳ್ಕೊಂಡಿದ್ದೀರ್ರಮ್ಮ? ಮದುವೇನಾ, ಬೋರ್‌ವೆಲ್ಲಾ?" ಅಂದ. ದೊಡ್ಡಮ್ಮ ಅಳುಕಿಕೊಂಡೇ, ಆ ಸೀರಿಯಲ್‌ನಲ್ಲಿ ಕೊಂದಿದ್ದು ಡಾಕ್ಟ್ರಾ ಅಂತ ಕೇಳಿದ್ದು ಅಂದಳು.

ಇನ್ನು ಉಗೀತಾನೆ ಅಂತ ನಾನು ಮೆಲ್ಲಗೆ ಹಿಂದಕ್ಕೆ ಸರಿದೆ. ಪೂಜಾರಪ್ಪ ಸುತ್ತ ಒಂದ್ಸಲ ನೋಡಿ ತಗ್ಗಿದ ದನೀಲಿ ಅಂದ, "ಡಾಕ್ಟ್ರು ಅಂದ್ರೆ ಅಮ್ಮ ಹೂ ಹೆಂಗೆ ಕೊಟ್ಟಾಳು? ಮ್ಯಾನೇಜರ್ ಹೆಸರು ಹೇಳಿ ಕೇಳ್ರಮ್ಮ. ನಂಗೂ ಮೊದಲಿಂದ ಅವನ ಮೇಲೇ ಅನುಮಾನ."

ಎರಡನೇ ಸೀಸನ್

ಹೀಗೇ ಒಂದು ವರ್ಷ ಕಳೀತು. ಕೊಲೆಗಾರ ಸಿಗಲಿಲ್ಲ, ಅಕ್ಕ ದೊಡ್ಡಮ್ಮನ ಮನೆಗೆ ಬರೋದೂ ನಿಲ್ಲಲಿಲ್ಲ. ಹುಣಸೆಹಣ್ಣು ಬಿಡಿಸ್ತಾ ಡಾಕ್ಟ್ರು, ಹಪ್ಪಳ ಒತ್ತುತ್ತಾ ತಮ್ಮ. ಸೊಟ್ಟ ಮರದ ಕಾಯಿ ಯಾರ ಕಡೆ ಬಿದ್ದರೂ ಅದರ ಚಟ್ನಿ ಇಬ್ಬರ ಮನೇಲೂ ಇರ್ತಿತ್ತು.

ಮೊನ್ನೆ ಟಿವೀಲಿ ಹಾಕಿದರು, ಮುಂದಿನ ಸೋಮವಾರದಿಂದ ಎರಡನೇ ಸೀಸನ್, ಮೊದಲ ದಿನವೇ ಕೊಲೆಗಾರ ಯಾರು ಅಂತ ಹೇಳ್ತಾರೆ ಅಂತ. ಖುಷಿ ಸುದ್ದಿ ಅಂತ ನಾನು ಗಾಡಿ ಹತ್ತಿ ದೊಡ್ಡಮ್ಮನ ಮನೆಗೆ ಓಡಿದೆ. ಅವಳು ನನ್ನನ್ನ ಅಡುಗೆಮನೆಗೆ ಕರೆದು ಮೆತ್ತಗೆ ಅಂದಳು, "ಲೇ ಮಗ, ಸೋಮವಾರ ಸಂಜೆ ನಮ್ಮನೆ ವೈರು ಕಿತ್ತುಬುಡು. ಕೊಂದೋನು ಯಾರು ಅಂತ ಗೊತ್ತಾಗ್ಬುಟ್ರೆ ಅವಳು ಯಾಕೆ ಬತ್ತಾಳೆ? ಅವಳಿಗೆ ಮಾತ್ರ ಹೇಳ್ಬ್ಯಾಡ."

ಹೂಂ ಅಂದು ಆಚೆ ಬಂದು ಗಾಡಿ ಹತ್ತಬೇಕು, ಬೇಲಿ ಹತ್ರದಿಂದ "ಬಾ ಇಲ್ಲಿ" ಅಂತ ಅಕ್ಕ ಕೈ ಮಾಡಿದಳು.

"ಸೋಮವಾರ ಕೊಲೆಗಾರನ್ನ ತೋರಿಸ್ತಾರಂತೆ, ಹೌದೇನಪ್ಪ?"

"ಹೌದಕ್ಕ."

"ಅವತ್ತು ನಿಮ್ಮ ದೊಡ್ಡಮ್ಮನ ಮನೆ ಕೇಬಲ್ ಬರದ ಹಂಗೆ ಮಾಡು. ಅವಳಿಗೆ ಗೊತ್ತಾಗ್ಬಾರ್ದು. ನನ್ನ ಮಗ ಹೊಸ ಟಿವಿ ತರ್ತೀನಿ ಅಂತ ಆವಾಗಿಂದ ಕುಣೀತಾವ್ನೆ, ನಾನೇ ಬ್ಯಾಡ ಅಂದಿದ್ದೀನಿ. ಸೀರಿಯಲ್ಲೂ ಮುಗುದೋದ್ರೆ ಏನು ನೆಪ ಹೇಳ್ಕೊಂಡು ಬರ್ಲಪ್ಪ ನಾನು?"

ಸೋಮವಾರ ಸಂಜೆ ಕಂಬದ ಹತ್ರ ಹೋಗಿ ದೊಡ್ಡಮ್ಮನ ಮನೆ ವೈರು ನನ್ನ ಕೈಯಾರೆ ಕಿತ್ತೆ. ಐದು ನಿಮಿಷಕ್ಕೆ ಫೋನು. ಎತ್ತಿದರೆ ದೊಡ್ಡಮ್ಮ, ಬೀದಿಗೆಲ್ಲ ಕೇಳೋ ಹಾಗೆ, "ಏನ್ಲಾ ದರಿದ್ರದೋನೆ! ವರ್ಷದಿಂದ ಕಾದಿದ್ದೀವಿ, ಸರಿಯಾದ ಹೊತ್ಗೆ ಕೇಬಲ್ ಹೋಯ್ತಲ್ಲೋ! ನಿನ್ನ ಕಂಪನಿಗೆ ಬೆಂಕಿ ಹಾಕ!" ಹಿಂದಿಂದ ಅಕ್ಕನ ದನಿ, "ಬಿಡಬ್ಯಾಡ ಕಣಕ್ಕ, ಇನ್ನೊಂಚೂರು ಬೈಯಿ!"

ಕಂಬಕ್ಕೆ ಒರಗಿಕೊಂಡು ಅಷ್ಟೂ ಬೈಸಿಕೊಂಡೆ. ಹೊಟ್ಟೆ ತುಂಬ ನಗು, ಕಣ್ಣಲ್ಲಿ ನೀರು. ಅಷ್ಟರಲ್ಲಿ ದೊಡ್ಡಮ್ಮ ಫೋನಿಗೆ ಕೈ ಅಡ್ಡ ಇಟ್ಟುಕೊಂಡು ಪಿಸುಗುಟ್ಟಿದಳು, "ಲೇ, ನಾಳೆ ಎಲ್ಲಾದ್ರೂ ರಿಪೇರಿ ಮಾಡೀಯ ಮತ್ತೆ, ಜೋಕೆ!"