ನಾಲ್ಕನೆಯ ಮುದ್ದೆ

ನನಗೆ ಮುಖಗಳು ನೆನಪಿರುವುದಿಲ್ಲ. ಚನ್ನಪಟ್ಟಣದಲ್ಲಿ ಇಷ್ಟು ವರ್ಷ ವಿಜ್ಞಾನದ ಮೇಷ್ಟರಾಗಿದ್ದೂ, ಪಕ್ಕದ ಬೀದಿಯವರು ಎದುರಾದರೆ ಯಾರೋ ಏನೋ ಎಂದು ಹೋಗಿಬಿಡುತ್ತೇನೆ. ಜನ ಇದನ್ನು ಕೊಬ್ಬು ಅಂದರು. ಮಿದುಳಿನ ಭಾಗಗಳ ನಡುವೆ ನರದೆಳೆಗಳ ವೈರಿಂಗ್ ಇರುತ್ತದೆ, ಅದು ಎಲ್ಲರಲ್ಲೂ ಒಂದೇ ತರಹ ಇರುವುದಿಲ್ಲ, ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಶಕ್ತಿ ಹೆಚ್ಚು ಕಡಿಮೆ ಎಂದು ಎಲ್ಲೋ ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹೆಂಡತಿಗೂ ವಿವರವಾಗಿ ಪಾಠ ಮಾಡಿದೆ. "ಸರಿ, ಹೋಗಿ ಹಾಲು ತನ್ನಿ" ಅಂದಳು. ಆಮೇಲೆ ಒಂದು ಉಪಾಯ ಮಾಡಿಕೊಂಡೆ. ಯಾರು ಮಾತಾಡಿಸಿದರೂ ಹಳೇ ಸ್ನೇಹಿತರ ಹಾಗೆ ಮಾತಿಗಿಳಿಯುವುದು.

ಮೊನ್ನೆ ಕಬ್ಬಾಳಿಗೆ ಹೊರಟು ಸಾತನೂರಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವರು, "ಏನ್ ಮೇಷ್ಟ್ರೇ, ಮಗಳ ಮದ್ವೆ ಇಸ್ಯ ಏನ್ ತೀರ್ಮಾನ ಮಾಡುದ್ರಿ?" ಅಂದರು. ಯಾರೆಂದು ಹೊಳೆಯಲಿಲ್ಲ. ಉಪಾಯ ಇತ್ತಲ್ಲ.

"ಹುಡುಗ ಚಿನ್ನ ಕಣ್ರೀ. ಅವರಪ್ಪಂದೇ ತಲೆನೋವು. ಹೆಣ್ಣು ನೋಡೋಕೆ ಬಂದೋನು ನಾಕು ಮುದ್ದೆ ನುಂಗಿ, ಸಾರಿಗೆ ಉಪ್ಪು ಕಮ್ಮಿ ಅಂದ."

ಅವರು ಕಿಟಕಿಯಾಚೆ ನೋಡತೊಡಗಿದರು. ಸಾತನೂರು ಬಂದಾಗ ಎದ್ದು ನಿಂತು, "ಉಪ್ಪು ಕಮ್ಮಿ ಇದ್ದುದ್ದು ದಿಟ ಮೇಷ್ಟ್ರೇ. ಆದ್ರೆ ನಾನು ತಿಂದುದ್ದು ಮೂರೇ ಮುದ್ದೆ" ಎಂದು ಇಳಿದುಹೋದರು.

ಮನೆಯಲ್ಲಿ ಹೇಳಿದರೆ, ಆ ಹುಡುಗನನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದ ಮಗಳು ತಟ್ಟೆ ಬಿಟ್ಟು ಎದ್ದಳು. ನಾನು ವೈರಿಂಗ್ ಎಂದು ತೊದಲಿದೆ. ಹೆಂಡತಿ, "ಮುಖ ಮರೆತದ್ದು ಮಿದುಳಿನ ತಪ್ಪು ಅಂತಾನೇ ಇಟ್ಕೊಳಿ. ಮನೆಗೆ ಬಂದೋರ ಮುದ್ದೆ ಎಣಿಸಿದ್ದು?" ಅಂದಳು.

ಮಾರನೆಯ ದಿನ ಸಾತನೂರಿಗೆ ಹೋಗಿ ಅವರ ಬಾಗಿಲಲ್ಲೇ ಕೈ ಮುಗಿದೆ. "ತಪ್ಪಾಯ್ತು ಸ್ವಾಮಿ, ನನ್ನ ಮಾತಿಗೆ ನನ್ನ ಮಗಳಿಗೆ ಶಿಕ್ಷೆ ಕೊಡಬೇಡಿ" ಅಂದೆ. ನರದೆಳೆಗಳ ಪಾಠವನ್ನೂ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಒಸಿ ಕುಂತ್ಕಳಿ. ಅಣ್ಣ ಹಿತ್ಲಲ್ಲವ್ನೆ, ಕರೀತೀನಿ" ಅಂದರು.

ಹಿತ್ತಲಿಂದ ನಗು ಕೇಳಿಸಿತು. "ಮೇಷ್ಟ್ರಿಗೆ ಮುಖ ಗುರ್ತಾಗಲ್ಲ ಅನ್ನೋದು ದಿಟವೇ ಕಣ್ಲಾ!" ಎನ್ನುತ್ತಾ ಬೀಗರು ಹೊರಬಂದರು. ಸಂಬಂಧ ಉಳಿಯಿತು.

ಮದುವೆಗೆ ಮಗಳದ್ದು ಒಂದೇ ಷರತ್ತು. ಛತ್ರದ ಬಾಗಿಲಲ್ಲಿ ನಾನು ನಿಲ್ಲಬಾರದು, ಊಟದ ಪಂಕ್ತಿಯ ಹತ್ತಿರವಂತೂ ಸುಳಿಯಲೇಬಾರದು.